ನೆರೆಮನೆಯ ಮಾತಿನ ಹೊಣೆ



ಈ ಕೃಷಿ ಪ್ರದರ್ಶನದ ಮಳಿಗೆಗಳಲ್ಲಿ ಅಡಿಕೆ ಸುಲಿಯುವ ಯಂತ್ರವಿದೆ, ಮದ್ದು ಹೊಡೆಯುವ ಫೈಬರ್ ದೋಟಿಯಿದೆ. ಇವುಗಳಲ್ಲಿ ಯಾವುದು ನಮ್ಮ ತೋಟಕ್ಕೆ ಇಳಿಯುತ್ತದೆಂಬುದು ತೀರ್ಮಾನವಾಗುವುದು ಕವಳ ಹಾಕುವ ಜಗಲಿಯಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, "ನೀವು ತಂದಿರಲ್ಲ, ಹೇಗಿದೆ?" ಎಂದು ಒಬ್ಬರನ್ನೊಬ್ಬರು ಕೇಳುವಾಗ.

ನಮ್ಮ ಶಿರಸಿ ಸೀಮೆಯ ಗೋಬರ್ ಗ್ಯಾಸ್ ಇದಕ್ಕೆ ಸಾಕ್ಷಿ. ಇಟ್ಟಿಗೆ-ಸಿಮೆಂಟಿನ ಗುಮ್ಮಟದ ದೀನಬಂಧು ಎಂಬ ಗೋಬರ್ ಗ್ಯಾಸ್ ಗುಂಡಿಯ ಮಾದರಿ 1984ರಲ್ಲಿ ರೂಪುಗೊಂಡಿತು. ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ಮು ಅದಕ್ಕೆ ಬೇಡ. ದೇಶದ ಎಷ್ಟೋ ಕಡೆ ಸಹಾಯಧನ ಪಡೆದು ಕಟ್ಟಿದ ಗುಂಡಿಗಳು ಪಾಳುಬಿದ್ದರೂ ನಮ್ಮಲ್ಲಿ ಒಲೆ ಉರಿಯುತ್ತಲೇ ಇತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನ ಶಿರಸಿಯ ಈ ಯಶಸ್ಸನ್ನು ದಾಖಲಿಸಿತು. ಕೊಟ್ಟಿಗೆಯಲ್ಲಿ ದನವಿತ್ತು, ತೋಟಕ್ಕೆ ಸ್ಲರಿ ಬೇಕಿತ್ತು, ಕಟ್ಟಿಕೊಟ್ಟವರು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದರು. ಜೊತೆಗೆ, ನೆಂಟರ ಮನೆಯಲ್ಲಿ ಹೊಗೆಯಿಲ್ಲದ ಅಡುಗೆಮನೆ ಕಂಡ ಹೆಣ್ಣುಮಕ್ಕಳು ತಮ್ಮ ಮನೆಗೂ ಅದು ಬೇಕೆಂದರು.

ಅದೇ ಬಾಯಿಮಾತು ವೆನಿಲ್ಲಾವನ್ನೂ ತಂದಿತು. 2000ದಲ್ಲಿ ಮಡಗಾಸ್ಕರ್‌ನ ವೆನಿಲ್ಲಾ ತೋಟಗಳಿಗೆ ಚಂಡಮಾರುತ ಬಡಿಯಿತು. 2003ರ ಹೊತ್ತಿಗೆ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಾರು ರೂಪಾಯಿಗೆ ಏರಿತು. ಬೆಲೆಯ ಸುದ್ದಿ ಮನೆಮನೆಗೆ ಮುಟ್ಟಿತು, ಆ ಬೆಲೆ ಬಂದ ಕಾರಣ ಮುಟ್ಟಲಿಲ್ಲ. ಅಲ್ಲಿ ಬೆಳೆ ಚೇತರಿಸಿಕೊಂಡಿತು, ಇಲ್ಲಿ ದರ ಕುಸಿಯಿತು. ಬಳ್ಳಿ ರೋಗಕ್ಕೂ ತುತ್ತಾಯಿತು. ಸಾಲ ಮಾತ್ರ ಉಳಿಯಿತು.

ಗೋಬರ್ ಗ್ಯಾಸಿನ ಬಗ್ಗೆ ಮಾತಾಡಿದವರು ದಿನವೂ ಅದರಲ್ಲಿ ಅನ್ನ ಬೇಯಿಸುತ್ತಿದ್ದರು. ವೆನಿಲ್ಲಾದ ಬಗ್ಗೆ ಮಾತಾಡಿದವರಲ್ಲಿ ಹೆಚ್ಚಿನವರು ಇನ್ನೂ ಒಂದು ಕೊಯ್ಲನ್ನೂ ಕಂಡಿರಲಿಲ್ಲ. ಮಾತಿನ ಹಿಂದೆ ಅನುಭವ ಇರಬೇಕು. ಇಲ್ಲದಿದ್ದರೆ ಅದು ಊರನ್ನೇ ದಾರಿ ತಪ್ಪಿಸುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಮಳಿಗೆಯಲ್ಲಿ ಬೆಲೆ ಕೇಳುವ ಮೊದಲು, ಎರಡು ಮಳೆಗಾಲ ಬಳಸಿದವರ ಮನೆ ಎಲ್ಲಿದೆ ಎಂದು ಕೇಳಿ. ಅಲ್ಲಿಗೆ ಹೋಗಿ ಯಜಮಾನರೊಂದಿಗೆ ಮನೆಯ ಹೆಣ್ಣುಮಕ್ಕಳನ್ನೂ, ದೋಟಿ ಹಿಡಿದು ದುಡಿಯುವ ಕೊನೆಗೌಡರನ್ನೂ ವಿಚಾರಿಸಿ. ಈಗಾಗಲೇ ಕೊಂಡವರು ಲಾಭದ ಜೊತೆಗೆ ರಿಪೇರಿಯ ಖರ್ಚನ್ನೂ ಹೇಳಿ. ಕೈಸುಟ್ಟುಕೊಂಡಿದ್ದರೆ ಸಂಕೋಚಪಡದೆ ಹೇಳಿ. ನಿಮ್ಮ ಒಂದು ಮಾತಿನಿಂದ ನೆರೆಯವರ ಒಂದು ಸಾಲ ತಪ್ಪುತ್ತದೆ. ಹೊಸದನ್ನು ಮೊದಲು ಮಾಡಿನೋಡುವ ಧೈರ್ಯವಂತರಿಗೆ ಊರು ಕೊಡಬೇಕಾದ ಗೌರವವೂ ಇದೇ: ಅವರ ಗೆಲುವನ್ನು ಕೇಳುವಷ್ಟೇ ಆಸಕ್ತಿಯಿಂದ ಸೋಲನ್ನೂ ಕೇಳುವುದು.

ಈ ಪ್ರದರ್ಶನವನ್ನು ಸಂತೋಷದಿಂದ ಉದ್ಘಾಟಿಸಿದ್ದೇನೆ. ಎಲ್ಲರೂ ನೋಡಿ, ಕೇಳಿ, ಕಂಡದ್ದನ್ನು ಕಂಡಂತೆ ಊರಿಗೆ ಹೇಳಿ.