ಡಿಸ್ಕ್ ಹ್ಯಾರೋ ಮತ್ತು ಒಂದು ಸೆಕೆಂಡಿನ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನನಗಿಂತ ಮುಂಚೆ ಮಾತಾಡಿದವರಲ್ಲಿ ಡಾಕ್ಟರು ಇದ್ದರು, ಬ್ಯಾಂಕ್ ಮ್ಯಾನೇಜರು ಇದ್ದರು, ಬೆಂಗಳೂರಿನಲ್ಲಿ ಕಾಲೇಜು ಮೇಷ್ಟರಾಗಿರುವವರೂ ಇದ್ದರು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಫೇಲಾಗಿ, ಮೂರನೇ ಸಲ ಪರೀಕ್ಷೆಗೆ ಕಟ್ಟದೆ ಟ್ರ್ಯಾಕ್ಟರ್ ಹತ್ತಿದವನು. ಹೆಡ್ ಮಾಸ್ಟರು ಮನೆಗೆ ಬಂದು, ನೀವೂ ಮಾತಾಡಬೇಕು ಅಂದಾಗ ತಮಾಷೆ ಅಂದುಕೊಂಡೆ. "ನಾನೇನು ಮಾತಾಡಲಿ ಸಾರ್?" ಅಂದೆ. "ನಿಮಗೆ ಗೊತ್ತಿರೋದನ್ನ" ಅಂದರು. ನನಗೆ ಗೊತ್ತಿರುವುದು ಟ್ರ್ಯಾಕ್ಟರ್, ಮತ್ತು ಅದರ ಹಿಂದೆ ಕಟ್ಟುವ ಡಿಸ್ಕ್ ಹ್ಯಾರೋ. ಅದನ್ನೇ ಹೇಳುತ್ತೇನೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ತೋಟಗಳಲ್ಲಿ ನಾನು ಬಾಡಿಗೆಗೆ ಹೊಡೆಯದ ಊರು ಕಡಿಮೆ. ಕಲ್ಟಿವೇಟರ್ ಮಣ್ಣನ್ನು ಕೆರೆಯುತ್ತದೆ, ಡಿಸ್ಕು ಕತ್ತರಿಸುತ್ತದೆ. ಬಟ್ಟಲಿನ ಹಾಗೆ ಒಳಬಾಗಿದ, ಅಂಚು ಹರಿತವಾದ ಉಕ್ಕಿನ ತಟ್ಟೆಗಳು, ಎರಡು ಸಾಲಿನಲ್ಲಿ ಹನ್ನೆರಡೋ ಹದಿನಾಲ್ಕೋ ಇರುತ್ತವೆ. ಒಟ್ಟು ತೂಕ ಮೂರು ನಾಲ್ಕು ಕ್ವಿಂಟಾಲ್. ತೋಟದಲ್ಲಿ ಬೆಳೆಸಿದ ಅಪ್ಸೆಣಬು, ಡಯಾಂಚ, ಮೊಣಕಾಲುದ್ದ ಕಳೆ, ಒಣಗಿದ ಗರಿ, ಎಲ್ಲವನ್ನೂ ತುಂಡು ಮಾಡಿ ಮಣ್ಣಿಗೆ ಸೇರಿಸುತ್ತದೆ. ಒಣಗಿದ ಎಡೆಮಟ್ಟೆಯನ್ನು ಕತ್ತರಿಸುವ ತಟ್ಟೆಗೆ ಮನುಷ್ಯನ ಕಾಲು ಯಾವ ಲೆಕ್ಕ?

ನಮ್ಮ ಅಪ್ಪನ ಹತ್ತಿರ ಒಂದು ಜೊತೆ ಹಳ್ಳಿಕಾರ್ ಎತ್ತಿದ್ದವು. ಉತ್ತ ಹೊಲಕ್ಕೆ ಕೊರಡು ಹೊಡೆಯುವಾಗ ಭಾರಕ್ಕೆ ಅಂತ ನಮ್ಮನ್ನು ಕೊರಡಿನ ಮೇಲೆ ಕೂರಿಸುತ್ತಿದ್ದರು. ಇಲ್ಲಿರುವ ಐವತ್ತು ದಾಟಿದವರೆಲ್ಲ ಹಾಗೆ ಕೂತವರೇ. ಎಷ್ಟು ಸಲ ಬಿದ್ದಿಲ್ಲ! ಬಿದ್ದರೆ ಅಪ್ಪ "ಹೋ" ಅನ್ನುತ್ತಿದ್ದರು, ಎತ್ತು ನಿಲ್ಲುತ್ತಿದ್ದವು. ಕೆಲವು ಸಲ ಅಪ್ಪ ಹೇಳುವ ಮೊದಲೇ ಹಿಂದೆ ಭಾರ ಕಮ್ಮಿಯಾದದ್ದು ಗೊತ್ತಾಗಿ ತಾವೇ ನಿಂತುಬಿಡುತ್ತಿದ್ದವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಆದರೆ ನಮ್ಮ ಅಭ್ಯಾಸ ಮಾತ್ರ ಎತ್ತಿನ ಕಾಲದ್ದೇ ಉಳಿಯಿತು. ಮಡ್‌ಗಾರ್ಡ್ ಮೇಲೆ ಹುಡುಗನನ್ನು ಕೂರಿಸುವುದು, ಡಿಸ್ಕ್ ಆಳಕ್ಕೆ ಇಳಿಯಲಿ ಅಂತ ಅದರ ಮೇಲೆ ಆಳು ನಿಲ್ಲಿಸುವುದು, ಓಡುವ ಯಂತ್ರದ ಹಿಂದೆ ಹೋಗಿ ಹುಲ್ಲು ಆರಿಸುವುದು ಎಲ್ಲವೂ ಅದೇ.

16 ವರ್ಷದ ಹಿಂದೆ ನನ್ನ ಅಕ್ಕನ ಮಗ ಇದೇ ಶಾಲೆಯಲ್ಲಿ ಒಂಬತ್ತನೇ ತರಗತಿ. ಆಚೆ ಕೋಣೆಯಲ್ಲಿ ಹಳೆಯ ಫೋಟೋಗಳನ್ನು ಹಾಕಿದ್ದೀರಲ್ಲ, ಹೋಬಳಿ ಮಟ್ಟದ ರಿಲೇ ತಂಡದ ಫೋಟೋದಲ್ಲಿ ಎಡಗಡೆಯಿಂದ ಎರಡನೆಯವನು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ, ಯೂನಿಫಾರಂನಲ್ಲೇ ನಾನು ಹೊಡೆಯುತ್ತಿದ್ದ ತೋಟಕ್ಕೆ ಬಂದ. "ಮಾವ, ನಾನೂ ಹತ್ತಲಾ?" ಅಂದ. ಹತ್ತು ಅಂದೆ. ಬೇಡ ಅಂತ ಹೇಳಬೇಕು ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ. ಎಡಗಡೆ ಮಡ್‌ಗಾರ್ಡ್ ಮೇಲೆ ಕೂತ.

ಹಳೆಯ ಮರ ಕಿತ್ತ ಗುಂಡಿ ಒಂದಿತ್ತು. ಮೇಲೆ ಕಳೆ ಬೆಳೆದು ಮುಚ್ಚಿಹೋಗಿತ್ತು. ಹಿಂದಿನ ಗಾಲಿ ಅದರೊಳಗೆ ಇಳಿದು ಎದ್ದಿತು. ಅಷ್ಟೇ. ನನಗೆ ಕೇಳಿಸಿದ್ದು ಟ್ರ್ಯಾಕ್ಟರ್ ಸದ್ದು ಮಾತ್ರ, ಅವನ ಕೂಗು ಕೇಳಿಸಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದೆ, ಅವನಿಲ್ಲ. ಬ್ರೇಕ್ ತುಳಿದೆ. ಆಗಲೇ ಹೊರಗಡೆಯ ಕೊನೆಯ ತಟ್ಟೆ ಅವನ ಎಡಪಾದದ ಮೇಲಿತ್ತು.

ಗಣಿತದಲ್ಲಿ ಎರಡು ಸಲ ಫೇಲಾದವನು ಆಸ್ಪತ್ರೆಯ ಜಗುಲಿಯಲ್ಲಿ ಕೂತು ಒಂದು ಲೆಕ್ಕ ಮಾಡಿದೆ. ಆವತ್ತು ಟ್ರ್ಯಾಕ್ಟರ್ ಓಡುತ್ತಿದ್ದದ್ದು ಗಂಟೆಗೆ ಸುಮಾರು 6 ಕಿಲೋಮೀಟರ್. ನಡೆಯುವವನಿಗಿಂತ ಸ್ವಲ್ಪ ಜೋರು. ಅಂದರೆ ಸೆಕೆಂಡಿಗೆ ಐದೂವರೆ ಅಡಿ. ಮಡ್‌ಗಾರ್ಡಿನಿಂದ ಡಿಸ್ಕಿಗೆ ಇರುವ ದೂರವೂ ಹೆಚ್ಚು ಕಡಿಮೆ ಅಷ್ಟೇ. ಒಂದು ಸೆಕೆಂಡು. ಕಣ್ಣಿಗೆ ಕಂಡು, ತಲೆಗೆ ಹೋಗಿ, ಕಾಲು ಬ್ರೇಕಿಗೆ ಇಳಿಯಲು ಎಂಥ ಚುರುಕಿನ ಡ್ರೈವರಿಗೂ ಆ ಒಂದು ಸೆಕೆಂಡು ಬೇಕು. "ನಾನು ಹುಷಾರಾಗಿ ಓಡಿಸ್ತೀನಿ, ಏನೂ ಆಗಲ್ಲ" ಅನ್ನುವವರಿಗೆ ನನ್ನ ಉತ್ತರ ಈ ಲೆಕ್ಕ. ನಾನೂ ಹುಷಾರಾಗಿಯೇ ಓಡಿಸುತ್ತಿದ್ದೆ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ ಇಟ್ಟು, ರಟ್ಟನ್ನು ಚಿಮ್ಮಿ ನಮ್ಮ ವಿಜ್ಞಾನದ ಮೇಷ್ಟರು ಜಡತ್ವ ಹೇಳಿಕೊಟ್ಟಿದ್ದರು. ರಟ್ಟು ಹೋಯಿತು, ನಾಣ್ಯ ಕೆಳಗೆ ಬಿತ್ತು, ನಾವು ಚಪ್ಪಾಳೆ ಹೊಡೆದೆವು. ಮಡ್‌ಗಾರ್ಡ್ ಮೇಲೆ ಕೂತ ಹುಡುಗನೇ ಆ ನಾಣ್ಯ ಅನ್ನುವುದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

ಆವತ್ತು ನಾನು ಸರಿಯಾಗಿ ಮಾಡಿದ್ದು ಒಂದೇ: ಟ್ರ್ಯಾಕ್ಟರನ್ನು ಹಿಂದಕ್ಕೂ ಮುಂದಕ್ಕೂ ಸರಿಸಲಿಲ್ಲ. ನಿಂತ ಜಾಗದಲ್ಲೇ ಹೈಡ್ರಾಲಿಕ್ ಸನ್ನೆ ಎತ್ತಿ ಡಿಸ್ಕನ್ನು ಮೇಲೆತ್ತಿದೆ. ತೋಟದವರು ಅವನನ್ನು ಎಳೆದುಕೊಂಡು ಟವಲ್ಲಿನಿಂದ ಗಾಯವನ್ನು ಒತ್ತಿ ಹಿಡಿದರು. ಜೀವ ಉಳಿಯಿತು. ಪಾದದ ಮುಂದಿನ ಅರ್ಧ ಹೋಯಿತು. ಅಕ್ಕ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಹುಡುಗ ಈಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಇವತ್ತು ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾನೆ. ಇದನ್ನು ಹೇಳಲೋ ಬೇಡವೋ ಅಂತ ಅವನನ್ನೇ ಕೇಳಿದೆ. "ಹೇಳು ಮಾವ. ಆದರೆ ಎಲ್ಲಾ ಹೇಳು, ನಿನ್ನ ತಪ್ಪೂ ಸೇರಿಸಿ" ಅಂದ.

ಡಿಸ್ಕಿನ ಮೇಲೆ ಆಳು ನಿಲ್ಲಿಸುವ ವಿಚಾರಕ್ಕೆ ಬರುತ್ತೇನೆ, ಅದು ಇನ್ನೂ ನಿಂತಿಲ್ಲ. ತಟ್ಟೆ ಮಣ್ಣಿಗೆ ಇಳಿಯದಿದ್ದರೆ ಅದಕ್ಕೆ ಮೂರೇ ಕಾರಣ. ಹದ ಇಲ್ಲ, ಅಂಚು ಮೊಂಡಾಗಿದೆ, ಇಲ್ಲವೇ ತಟ್ಟೆಸಾಲಿನ ಓರೆ ಕಮ್ಮಿಯಾಗಿದೆ. ಬೋಲ್ಟ್ ಸಡಿಲಿಸಿ ಓರೆ ಹೆಚ್ಚಿಸಿದರೆ ಅದೇ ತೂಕಕ್ಕೆ ತಟ್ಟೆ ಆಳಕ್ಕೆ ಹೋಗುತ್ತದೆ. ಅದೂ ಸಾಲದಿದ್ದರೆ ಮರಳಿನ ಚೀಲವನ್ನು ಚೌಕಟ್ಟಿಗೆ ಬಿಗಿಯಾಗಿ ಕಟ್ಟಿ. ಚೀಲ ಬಿದ್ದರೆ ಹರಿಯುತ್ತದೆ, ಅಷ್ಟೇ. ಹೊಸದಾಗಿ ಡ್ರೈವರಾದ ಹುಡುಗರಿಗೆ ಗೌಡರು "ಅವನನ್ನ ಮೇಲೆ ನಿಲ್ಲಿಸ್ಕೊಳಪ್ಪಾ" ಅಂದರೆ ಇಲ್ಲ ಅನ್ನಲು ಸಂಕೋಚ. ನನಗೂ ಇತ್ತು. ಈಗ ಇಲ್ಲ. ಕೀ ತೆಗೆದುಕೊಂಡು ಕೆಳಗಿಳಿದು ನಿಲ್ಲುತ್ತೇನೆ. ಎರಡು ಗಿರಾಕಿ ಕಳೆದುಕೊಂಡಿದ್ದೇನೆ. ಅದರಲ್ಲಿ ಒಬ್ಬರು ಮರುವರ್ಷ ತಾವೇ ಕರೆದರು.

ಡಿಸ್ಕನ್ನು ಟ್ರ್ಯಾಕ್ಟರಿಗೆ ಕಟ್ಟುವಾಗ ನೋಡಿ. ಒಬ್ಬ ರಿವರ್ಸ್ ಬರುತ್ತಿರುತ್ತಾನೆ, ಇನ್ನೊಬ್ಬ ಟ್ರ್ಯಾಕ್ಟರಿಗೂ ಡಿಸ್ಕಿಗೂ ನಡುವೆ ನಿಂತು "ಬಾ, ಬಾ, ಇನ್ನೊಂಚೂರು ಬಾ" ಅನ್ನುತ್ತಿರುತ್ತಾನೆ. ಕ್ಲಚ್ ಮೇಲಿನ ಕಾಲು ಜಾರಿದರೆ ಅವನಿಗೆ ಓಡಲು ಜಾಗ ಎಲ್ಲಿದೆ? ಟ್ರ್ಯಾಕ್ಟರ್ ನಿಂತು, ಎಂಜಿನ್ ಆಫ್ ಆಗಿ, ಬ್ರೇಕ್ ಬಿದ್ದ ಮೇಲೇ ನಡುವೆ ಹೋಗಬೇಕು. ಮೊದಲು ಎಡಗಡೆಯ ಕೆಳತೋಳು, ಆಮೇಲೆ ಬಲಗಡೆಯದು, ಕೊನೆಗೆ ಮೇಲಿನ ಟಾಪ್ ಲಿಂಕ್. ಬಲತೋಳನ್ನು ಏರಿಸಿ ಇಳಿಸಲು ತಿರುಗಣೆ ಇರುವುದರಿಂದ ಅದು ಎರಡನೆಯದು. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದು. ಲಿಂಚ್ ಪಿನ್ ಕಳೆದುಹೋಯಿತು ಅಂತ ಮೊಳೆ ಬಗ್ಗಿಸಿ ಹಾಕುವವರನ್ನು ನಾನು ಬಹಳ ನೋಡಿದ್ದೇನೆ. ಆಯುಧಪೂಜೆಗೆ ಬಾಳೆಕಂದು, ಹೂವು, ನಿಂಬೆಹಣ್ಣು ಎಲ್ಲಾ ತರುತ್ತೇವೆ. ಅದರ ಜೊತೆ ನಾಲ್ಕು ಲಿಂಚ್ ಪಿನ್ ತಂದಿಟ್ಟುಕೊಂಡರೆ ದೇವರಿಗೂ ಕೆಲಸ ಕಡಿಮೆ.

ಗರಿ ಸುತ್ತಿಕೊಂಡು ತಟ್ಟೆ ತಿರುಗದೆ ನಿಲ್ಲುವುದು ನಮ್ಮ ತೋಟಗಳಲ್ಲಿ ದಿನಾ ಆಗುವಂಥದ್ದು. ಡಿಸ್ಕನ್ನು ಮೇಲೆತ್ತಿ, ಎಂಜಿನ್ ಓಡುತ್ತಿರುವಾಗಲೇ ಕೆಳಗೆ ಬಗ್ಗಿ ಕೈ ಹಾಕುತ್ತಾರೆ. ಎತ್ತಿ ಹಿಡಿದಿರುವುದು ಹೈಡ್ರಾಲಿಕ್ ಎಣ್ಣೆಯ ಒತ್ತಡ. ಎಲ್ಲೋ ಒಂದು ಸೀಲ್ ಸೋರಿದರೆ, ಯಾರದೋ ಕೈ ಸನ್ನೆಗೆ ತಗುಲಿದರೆ, ನಾಲ್ಕು ಕ್ವಿಂಟಾಲ್ ಕೆಳಗೆ ಬರುತ್ತದೆ. ಎಂಜಿನ್ ಆಫ್, ಕೀ ಜೇಬಿಗೆ, ಚೌಕಟ್ಟಿನ ಕೆಳಗೆ ದಿಮ್ಮಿ. ನಮ್ಮಲ್ಲಿ ತೆಂಗಿನ ದಿಮ್ಮಿಗೇನು ಬರ? ಆದರೆ ದುಂಡಗಿನದು ಉರುಳುತ್ತದೆ, ಎರಡು ಕಡೆ ಚಪ್ಪಟೆ ಕೊಯ್ಸಿದ್ದು ಇಟ್ಟುಕೊಳ್ಳಿ. ಗರಿಯನ್ನು ಕುಡುಗೋಲಿನಿಂದ ಕಡಿದು ತೆಗೆಯಿರಿ, ಕೈಯಿಂದ ಎಳೆಯಬೇಡಿ. ಕೆಲಸ ಮುಗಿದ ಮೇಲೆ ಡಿಸ್ಕ್ ನೆಲಕ್ಕೆ ಇಳಿದಿರಲೇಬೇಕು.

ರೋಟವೇಟರ್ ಇರುವವರಿಗೆ ಒಂದೇ ಮಾತು. ಅದರ ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಪಂಚೆಯ ತುದಿಯೋ ಸೀರೆಯ ಸೆರಗೋ ಸಿಕ್ಕಿದರೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದಿದ್ದರೆ ಹೊಸದು ಹಾಕಿಸುವವರೆಗೆ ತೋಟಕ್ಕೆ ಇಳಿಸಬೇಡಿ.

ರಸ್ತೆಯ ವಿಷಯಕ್ಕೆ ಬಂದರೆ, ಟ್ರ್ಯಾಕ್ಟರಿಗೆ ಎಡಗಾಲಿಗೊಂದು ಬಲಗಾಲಿಗೊಂದು ಬ್ರೇಕ್ ಪೆಡಲ್ ಬೇರೆ ಬೇರೆ ಇರುತ್ತವೆ. ತೋಟದಲ್ಲಿ ಮರದ ಪಕ್ಕ ತಿರುಗಲು ಅದು ಬೇಕು. ಆದರೆ ಬಿ.ಎಚ್. ರಸ್ತೆಗೆ ಹತ್ತುವ ಮೊದಲು ಎರಡನ್ನೂ ಚಿಲಕ ಹಾಕಿ ಒಂದು ಮಾಡಬೇಕು. ಮರೆತು ಒಂದನ್ನೇ ಜೋರಾಗಿ ತುಳಿದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆದು ಮಗುಚಿಕೊಳ್ಳುತ್ತದೆ. ಡಿಸ್ಕ್ ಮೇಲೆತ್ತಿ ಹೋಗುವಾಗ ಹಿಂದಿನಿಂದ ಬರುವ ಬೈಕಿನವನಿಗೆ ಕತ್ತಲಲ್ಲಿ ಆ ತಟ್ಟೆಗಳು ಕಾಣುವುದಿಲ್ಲ. ಹಿಂದೆ ಕೆಂಪು ರಿಫ್ಲೆಕ್ಟರ್ ಹಾಕಿ. ಹದಿನೆಂಟು ತುಂಬದ, ಲೈಸೆನ್ಸ್ ಇಲ್ಲದ ಹುಡುಗರ ಕೈಗೆ ಸ್ಟೇರಿಂಗ್ ಕೊಡಬೇಡಿ ಅಂತ ಹೇಳಬೇಕು. ಹೇಳಿದರೆ ಅರ್ಧ ಸಭೆ ನನ್ನನ್ನು ದುರುಗುಟ್ಟಿ ನೋಡುತ್ತದೆ, ಆದರೂ ಹೇಳಿದೆ.

ಮರಕ್ಕೂ ಇದರಲ್ಲಿ ಪಾಲಿದೆ. ತೆಂಗಿಗೆ ತಾಯಿಬೇರು ಇಲ್ಲ. ಕೆಲಸ ಮಾಡುವ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರು ಅಡಿಯ ಒಳಗೇ ಇರುತ್ತವೆ. ಪಾತಿಯೊಳಗೆ ಡಿಸ್ಕ್ ನುಗ್ಗಿಸಿದರೆ ಅವು ತುಂಡಾಗುತ್ತವೆ. ಇನ್ನು ಕಾಂಡಕ್ಕೆ ತಟ್ಟೆ ತಗುಲಿದರೆ, ಮಾವು ಬೇವಿನ ಹಾಗೆ ತೆಂಗು ಗಾಯವನ್ನು ಮುಚ್ಚಿಕೊಳ್ಳಲಾರದು. ಆ ಗುರುತು ಮರ ಇರುವಷ್ಟು ದಿನ ಇರುತ್ತದೆ, ಅದರ ಮೂಲಕವೇ ಕಾಂಡ ಸೋರುವ ರೋಗ ಒಳಗೆ ಹೋಗಬಹುದು. ಅಣಬೆ ರೋಗ ಬಂದ ತೋಟ ಹೊಡೆಯಲು ಕರೆದರೆ ನಾನು ಹೋಗುವುದಿಲ್ಲ. ಆ ರೋಗ ಮಣ್ಣಿನಲ್ಲಿರುತ್ತದೆ. ರೋಗದ ಮರದ ಮಣ್ಣನ್ನು ತಟ್ಟೆಗೆ ಅಂಟಿಸಿಕೊಂಡು ಇನ್ನೊಬ್ಬರ ತೋಟಕ್ಕೆ ಯಾಕೆ ಹೋಗಲಿ? ಸಂಶಯ ಇದ್ದವರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಇಷ್ಟೆಲ್ಲ ಗೊತ್ತಿದ್ದೂ ತಪ್ಪಾಗುವುದು ಯಾವಾಗ? ಹದ ಬಂದಾಗ. ಭರಣಿಯೋ ಕೃತ್ತಿಕೆಯೋ ಒಂದು ಮಳೆ ಬಿದ್ದರೆ ಮರುದಿನ ಬೆಳಿಗ್ಗೆ ಊರಿಗೆಲ್ಲ ಅದೇ ಟ್ರ್ಯಾಕ್ಟರ್ ಬೇಕು. "ನಮ್ಮದು ಮೊದಲು, ನಾಳೆ ಹದ ಆರಿಹೋಗುತ್ತೆ" ಅಂತ ಫೋನು ಮೇಲೆ ಫೋನು. ಡ್ರೈವರ್ ಎರಡು ರಾತ್ರಿ ನಿದ್ದೆ ಇಲ್ಲದೆ ಲೈಟ್ ಹಾಕಿಕೊಂಡು ಹೊಡೆಯುತ್ತಾನೆ. ಕಟ್ಟೆಯಿಲ್ಲದ ಹಳೇ ಬಾವಿ, ಕಳೆ ಮುಚ್ಚಿದ ಗುಂಡಿ, ಡ್ರಿಪ್ ಪೈಪು ಯಾವುದೂ ಅವನಿಗೆ ಗೊತ್ತಿರುವುದಿಲ್ಲ, ತೋಟದವರಿಗೆ ಗೊತ್ತಿರುತ್ತದೆ. ಅದಕ್ಕೇ ನನ್ನ ಒಂದು ಬೇಡಿಕೆ: ಟ್ರ್ಯಾಕ್ಟರ್ ಬರುವ ಹಿಂದಿನ ಸಂಜೆ ತೋಟದವರು ಒಂದು ಸುತ್ತು ನಡೆದು, ಗುಂಡಿ ಬಾವಿಗಳ ಪಕ್ಕ ಕೋಲು ನೆಟ್ಟು ತುದಿಗೆ ಬಿಳಿ ಬಟ್ಟೆ ಕಟ್ಟಿ. ಬಿದ್ದ ಗರಿ ಎಳೆದುಹಾಕಿ. ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬನ್ನಿ. ಆ ಶನಿವಾರ ಆ ಗುಂಡಿಯ ಪಕ್ಕ ಒಂದು ಕೋಲು ಇದ್ದಿದ್ದರೆ ಅಂತ ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಆದರೆ ಹುಡುಗನನ್ನು ಹತ್ತಿಸಿದ್ದು ಗುಂಡಿಯಲ್ಲ, ನಾನು.

ನನ್ನ ಟ್ರ್ಯಾಕ್ಟರ್ ಹೊರಗೆ ಮೈದಾನದ ಮೂಲೆಯಲ್ಲಿ ನಿಂತಿದೆ. ಡಿಸ್ಕ್ ನೆಲಕ್ಕಿಳಿದಿದೆ, ಕೀ ಇಲ್ಲಿ ನನ್ನ ಜೇಬಿನಲ್ಲಿದೆ. ಊಟ ಆದ ಮೇಲೆ ಬಂದವರಿಗೆ ಕಟ್ಟುವುದು, ಬಿಚ್ಚುವುದು, ಬ್ರೇಕಿನ ಚಿಲಕ ಎಲ್ಲಾ ತೋರಿಸುತ್ತೇನೆ. ಹತ್ತಿ ಕೂರುತ್ತೇನೆ ಅನ್ನುವ ಮಕ್ಕಳು ಡ್ರೈವರ್ ಸೀಟಿನಲ್ಲಿ ಒಬ್ಬೊಬ್ಬರಾಗಿ ಕೂರಬಹುದು, ಎಂಜಿನ್ ಮಾತ್ರ ಚಾಲೂ ಮಾಡುವುದಿಲ್ಲ.