ಮಲಗಿದ ದೋಣಿಯಂತ್ರವನ್ನು ಎಬ್ಬಿಸುವ ಬಗೆ

ಸಮುದ್ರಕ್ಕೆ ದೂರವಾಗಿ, ಮೂರು ಸಾವಿರ ಅಡಿಗಳ ಎತ್ತರದಲ್ಲಿರುವ ಬೆಂಗಳೂರಿನವರಿಗೆ ದೋಣಿಯ ಯಂತ್ರದ ವಿಚಾರವನ್ನು ಹೇಳಹೊರಟರೆ ಒಂದು ಕಾಲದಲ್ಲಿ ಯಾರಾದರೂ ನಗುತ್ತಿದ್ದರು. 2022ನೆಯ ಇಸವಿಯ ಸೆಪ್ಟೆಂಬರ್ ತಿಂಗಳು ಆ ನಗೆಯನ್ನು ಅಡಗಿಸಿತು. ಆ ತಿಂಗಳ 4ನೆಯ ತಾರೀಖಿನ ರಾತ್ರಿ ಸುರಿದ ಮಳೆಗೆ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದವು. ಗಣಕಯಂತ್ರದ ಮುಂದೆ ಕುಳಿತು ದುಡಿಯುವವರು ಟ್ರಾಕ್ಟರುಗಳನ್ನೇರಿ ಕಚೇರಿಗೆ ಹೋದರು. ಮನೆಗಳಲ್ಲಿ ಸಿಕ್ಕಿಬಿದ್ದವರನ್ನು ರಬ್ಬರು ದೋಣಿಗಳಲ್ಲಿ ಹೊರತಂದರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟಿನಲ್ಲಿ ಮತ್ತೆ ದೋಣಿಗಳು ಬೇಕಾದವು. ಕೆರೆಯಿಂದ ಕೆರೆಗೆ ನೀರನ್ನೊಯ್ಯುತ್ತಿದ್ದ ರಾಜಕಾಲುವೆಗಳು ಇಕ್ಕಟ್ಟಾದ ಮೇಲೆ ನೀರು ತನ್ನ ಹಳೆಯ ದಾರಿಯನ್ನು ನಮ್ಮ ಬೀದಿಗಳಲ್ಲಿ ಹುಡುಕುತ್ತದೆ.

ವೈಟ್‌ಫೀಲ್ಡಿನ ಸಮೀಪದ ನಮ್ಮ ಬಡಾವಣೆಯವರೂ ಹಣ ಕೂಡಿಸಿ ಒಂದು ರಬ್ಬರು ದೋಣಿಯನ್ನೂ, ಅದರ ಹಿಂಬದಿಯ ಹಲಗೆಗೆ ತಗುಲಿಸುವ ಒಂದು ಸಣ್ಣ ಮೋಟಾರನ್ನೂ ಕೊಂಡು, ನೆಲಮಾಳಿಗೆಯಲ್ಲಿಟ್ಟು, ನಿಶ್ಚಿಂತರಾಗಿದ್ದೆವು. ಒಂದೂವರೆ ವರ್ಷದ ಮೇಲೆ ಒಂದು ಸಂಜೆ ಮಳೆ ಹಿಡಿಯಿತು. ಬೀದಿಯಲ್ಲಿ ನೀರು ಮೊಳಕಾಲಿಗೆ ಬಂದಿತು. ಕೆಳಮನೆಯೊಂದರಲ್ಲಿ ಎದ್ದು ನಡೆಯಲಾರದ ವೃದ್ಧರೊಬ್ಬರಿದ್ದರು. ನಾವು ಯಂತ್ರವನ್ನು ಹೊರತಂದು, ಸರದಿಯ ಮೇಲೆ ಹಗ್ಗವನ್ನೆಳೆದೆವು. ಅಂಗೈ ಬೊಬ್ಬೆಯೆದ್ದಿತೇ ಹೊರತು ಯಂತ್ರವು ಏಳಲಿಲ್ಲ. ಆ ರಾತ್ರಿ ಮಳೆ ನಿಂತಿತು. ಅದು ನಮ್ಮ ಪುಣ್ಯ, ನಮ್ಮ ಜಾಣ್ಮೆಯಲ್ಲ.

ಮರುದಿನ ಕಲಿತುದನ್ನೇ ಈಗ ನಿವೇದಿಸುತ್ತೇವೆ. ಅಮೆರಿಕದ ಮಿಲ್ವಾಕಿ ನಗರದಲ್ಲಿ ಓಲೆ ಎವಿನ್ರೂಡ್ ಎಂಬಾತನು 1909ರಲ್ಲಿ ಇಂಥ ಯಂತ್ರಗಳನ್ನು ಮಾರಾಟಕ್ಕಿಟ್ಟನು. ಅಂದಿನಿಂದ ಇಂದಿನವರೆಗೂ ಪೆಟ್ರೋಲಿನ ದೋಣಿಯಂತ್ರವು ಬೇಡುವುದು ನಾಲ್ಕನ್ನೇ: ತೈಲ, ಗಾಳಿ, ಕಿಡಿ, ಒತ್ತಡ. ಏಳದ ಯಂತ್ರವೆಂದರೆ ಕೆಟ್ಟ ಯಂತ್ರವೆಂದೇ ಅಲ್ಲ. ಈ ನಾಲ್ಕರಲ್ಲೊಂದು ಅದಕ್ಕೆ ದೊರೆತಿಲ್ಲವೆಂದಷ್ಟೇ ಅರ್ಥ. ಯಾವುದು ದೊರೆತಿಲ್ಲವೆಂಬುದನ್ನು ಸುಲಭವಾದುದರಿಂದ ಕಷ್ಟವಾದುದರ ಕಡೆಗೆ, ಕ್ರಮವಾಗಿ ನೋಡಬೇಕು.

ಮೊದಲು ಎರಡು ಎಚ್ಚರಿಕೆಗಳು. ನೆಲಮಾಳಿಗೆಯಲ್ಲಿ ಯಂತ್ರವನ್ನು ನಡೆಸಲೇಕೂಡದು; ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ, ಪ್ರಾಣವನ್ನು ಮಾತ್ರ ತೆಗೆಯುತ್ತದೆ. ಎರಡನೆಯದಾಗಿ, ಯಂತ್ರದ ಕೆಳಭಾಗವು ನೀರಿನಲ್ಲಿ ಮುಳುಗಿರಬೇಕು. ನೀರನ್ನೆತ್ತಿ ಯಂತ್ರವನ್ನು ತಣಿಸುವ ರಬ್ಬರಿನ ಚಕ್ರವು ಒಣಗಿ ತಿರುಗಿದರೆ ಬಹುಬೇಗ ಹಾಳಾಗುತ್ತದೆ. ನೀರು ತುಂಬಿದ ಒಂದು ಪೀಪಾಯಿ ಪರೀಕ್ಷೆಗೆ ಸಾಕು.

ಇನ್ನು ಕೈಯಳತೆಯ ಸಂಗತಿಗಳು. ನಡೆಸುವವನ ಮೈಗೆ ಕಟ್ಟಿಕೊಳ್ಳುವ ಒಂದು ಕೆಂಪು ದಾರವುಂಟು. ಅದರ ತುದಿಯ ಚಿಮಟಿಯು ತನ್ನ ಗುಂಡಿಯಲ್ಲಿಲ್ಲದಿದ್ದರೆ ಕಿಡಿಯೇ ಹುಟ್ಟದು. ನೀರಿಗೆ ಬಿದ್ದವನನ್ನು ಚಕ್ರದಿಂದ ರಕ್ಷಿಸುವ ಉಪಾಯವಿದು. ನಮ್ಮ ಚಿಮಟಿಯು ಆ ಸಂಜೆಯೆಲ್ಲ ಗೋಡೆಯ ಮೊಳೆಯಲ್ಲಿ ತೂಗಾಡುತ್ತಿತ್ತು! ಗೇರು ತಟಸ್ಥವಾಗಿದೆಯೇ, ತೈಲದ ನಲ್ಲಿ ತೆರೆದಿದೆಯೇ, ತೊಟ್ಟಿಯ ಮುಚ್ಚಳದ ಗಾಳಿತಿರುಪು ಸಡಿಲವಾಗಿದೆಯೇ, ತಣ್ಣಗಿರುವ ಯಂತ್ರಕ್ಕೆ ಚೋಕನ್ನು ಎಳೆದಿದ್ದೇವೆಯೇ ಎಂಬುದನ್ನೂ ನೋಡಬೇಕು. ಗಾಳಿತಿರುಪು ಮುಚ್ಚಿದ್ದರೆ ತೊಟ್ಟಿಯಿಂದ ತೈಲವು ಇಳಿಯದು.

ಚಿಮಟಿಯನ್ನು ಹಾಕಿದ ಮೇಲೂ ನಮ್ಮ ಯಂತ್ರವು ಏಳಲಿಲ್ಲ. ಕಾರಣವು ಪೆಟ್ರೋಲಿನಲ್ಲಿತ್ತು. ಈಗ ನಮ್ಮ ದೇಶದ ಪೆಟ್ರೋಲಿಗೆ ನೂರಕ್ಕೆ 20 ಭಾಗದವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ತೇವವು ಮಿತಿಮೀರಿದರೆ ನೀರೂ ಎಥನಾಲೂ ಒಂದುಗೂಡಿ ತಳಕ್ಕಿಳಿಯುತ್ತವೆ. ಯಂತ್ರವು ಹೀರುವುದು ತಳದಿಂದಲೇ. ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ತೆಗೆದು ಬೆಳಕಿಗೆ ಹಿಡಿಯಿರಿ: ಎರಡು ಪದರ ಕಂಡರೆ, ಅಥವಾ ವಾರ್ನೀಷಿನಂತೆ ಹುಳಿವಾಸನೆ ಬಂದರೆ, ಅದನ್ನು ತೆಗೆದುಹಾಕಿ ಹೊಸದನ್ನು ತುಂಬಬೇಕು. ಎರಡು ಹೊಡೆತದ ಯಂತ್ರವಾದರೆ ಪುಸ್ತಕದಲ್ಲಿ ಹೇಳಿದ ಪ್ರಮಾಣದಲ್ಲಿ ಎಣ್ಣೆಯನ್ನು ಬೆರೆಸಲು ಮರೆಯಕೂಡದು. ಹಳೆಯದನ್ನು ಚರಂಡಿಗೆ ಸುರಿಯುವುದು ಅಪರಾಧಕ್ಕೆ ಸಮಾನ; ಚರಂಡಿಯ ನೀರು ಕೊನೆಗೆ ಸೇರುವುದು ಕೆರೆಯನ್ನೇ.

ಅನಂತರ ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ವೈದ್ಯನಿಗೆ ನಾಲಗೆ ಹೇಗೋ ಯಂತ್ರಗಾರನಿಗೆ ಇದು ಹಾಗೆ. ಹಲವು ಸಲ ಹಗ್ಗವನ್ನೆಳೆದ ಮೇಲೆ ಅದು ಒದ್ದೆಯಾಗಿದ್ದರೆ ತೈಲವು ಬರುತ್ತಿದೆ, ಕಿಡಿಯ ಕಡೆ ಸಂದೇಹ; ಒಣಗಿದ್ದರೆ ತೈಲವೇ ಬರುತ್ತಿಲ್ಲ. ಒದ್ದೆಯಾದುದನ್ನು ಒರಸಿ, ಒಣಗಿಸಿ, ಮಸಿ ಹಿಡಿದಿದ್ದರೆ ಹೊಸದನ್ನು ಹಾಕಬೇಕು.

ನಮ್ಮ ಪ್ಲಗ್ಗು ಒಣಗಿತ್ತು. ಹಾಗಾದಾಗ ದೋಷವು ಬಹುಮಟ್ಟಿಗೆ ಕಾರ್ಬುರೇಟರಿನಲ್ಲಿರುತ್ತದೆ. ಅದರ ಬಟ್ಟಲಿನಲ್ಲಿ ಉಳಿದ ಪೆಟ್ರೋಲು ಆರಿ, ಅಂಟಾಗಿ, ಹಿತ್ತಾಳೆಯ ಜೆಟ್ಟಿನ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚುತ್ತದೆ. ಬಟ್ಟಲನ್ನು ಕಳಚಿ, ಅದಕ್ಕೆಂದೇ ಮಾರುವ ದ್ರಾವಕದಿಂದಲೂ ಗಾಳಿಯಿಂದಲೂ ಶುದ್ಧಿಮಾಡಬೇಕು. ತಂತಿಯನ್ನು ತೂರಿಸಬಾರದು, ರಂಧ್ರವು ಹಿಗ್ಗಿದರೆ ಅಳತೆ ಕೆಡುತ್ತದೆ. ಅಳತೆಯ ಬೆಲೆಯನ್ನು ಪೀಣ್ಯದ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರಿಗೆ ನಾವು ಹೇಳಬೇಕಾದುದಿಲ್ಲ.

ಹಗ್ಗವೇ ಅಲುಗದಿದ್ದರೆ ಪಿಸ್ಟನ್ನು ಕಚ್ಚಿಕೊಂಡಿರಬಹುದು. ಬಲಾತ್ಕಾರ ಬೇಡ. ಪ್ಲಗ್ಗಿನ ರಂಧ್ರದಿಂದ ಸ್ವಲ್ಪ ಎಣ್ಣೆಯನ್ನು ಬಿಟ್ಟು, ಒಂದು ದಿನ ಕಾದು, ಮೆಲ್ಲನೆ ಪ್ರಯತ್ನಿಸಿ. ಅಷ್ಟಕ್ಕೂ ಬಗ್ಗದಿದ್ದರೆ ಬಲ್ಲವರಿಗೆ ಒಪ್ಪಿಸಿ. ಯಂತ್ರವು ಎದ್ದ ಮೇಲೆ ಪಕ್ಕದ ಸಣ್ಣ ತೂತಿನಿಂದ ನೀರಿನ ಎಳೆ ಚಿಮ್ಮಬೇಕು. ಚಿಮ್ಮದಿದ್ದರೆ ಕೂಡಲೇ ನಿಲ್ಲಿಸಬೇಕು. ಮಣ್ಣುಗೂಡು ಕಟ್ಟುವ ಕಣಜಕ್ಕೆ ಇಂಥ ತೂತುಗಳು ಬಲು ಇಷ್ಟ.

ಆದರೆ, ಮಹಾಶಯರೇ, ಈ ದೋಷಗಳಲ್ಲಿ ಹೆಚ್ಚಿನವು ಎಬ್ಬಿಸುವ ದಿನ ಹುಟ್ಟಿದವಲ್ಲ, ಮಲಗಿಸಿದ ದಿನ ಹುಟ್ಟಿದವು. ಒಳಗಿಡುವ ಮುನ್ನ ತೈಲದ ನಾಳವನ್ನು ಕಳಚಿ, ಯಂತ್ರವು ತಾನಾಗಿ ನಿಲ್ಲುವವರೆಗೆ ಪೀಪಾಯಿಯಲ್ಲಿ ನಡೆಸಿದರೆ ಕಾರ್ಬುರೇಟರು ಬರಿದಾಗುತ್ತದೆ. ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು, ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಚಿಮಟಿಯನ್ನು ಅದಕ್ಕೇ ಕಟ್ಟಿ, ತಿಂಗಳಿಗೊಮ್ಮೆ ಹೊಸ ತೈಲದಿಂದ ನಡೆಸಿ ಮತ್ತೆ ಬರಿದುಮಾಡಬೇಕು. ಇದಕ್ಕೆ ಬೇಕಾದುದು ಅರ್ಧ ಗಂಟೆ. ನಮ್ಮ ಬಡಾವಣೆಯಲ್ಲಿ ಈಗ ಪ್ರತಿ ತಿಂಗಳ ಮೊದಲ ಭಾನುವಾರ ಈ ಕೆಲಸ ನಡೆಯುತ್ತದೆ; ಆ ವೃದ್ಧರು ಕಿಟಕಿಯ ಬಳಿ ಕುಳಿತು ಸದ್ದನ್ನು ಆಲಿಸುತ್ತಾರೆ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂದು ನಮ್ಮ ಹಿರಿಯರು ಹಾಸ್ಯ ಮಾಡುತ್ತಿದ್ದರು. ಬಾವಿಯನ್ನು ಮೊದಲೇ ತೋಡಿ, ಹಗ್ಗವನ್ನು ಗೆದ್ದಲಿಗೆ ಬಿಟ್ಟವರ ಗತಿಯೂ ಅದಕ್ಕಿಂತ ಮೇಲಲ್ಲ. ದೋಣಿಯನ್ನು ಕೊಂಡಿದ್ದೇವೆಂಬ ಸಮಾಧಾನವು ಯಾರನ್ನೂ ದಡ ಸೇರಿಸದು. ಕರೆದಾಗ ಏಳುವ ಯಂತ್ರವು ಸೇರಿಸುತ್ತದೆ.