ಹುಲಿ ಮೇಲೋ, ಸಿಂಹ ಮೇಲೋ?

ಮಧುಗಿರಿ, ಪಾವಗಡಗಳ ಕೋಟೆಗಳನ್ನು ಕಂಡವರಿಗೆ ನೆರೆಯ ಸಿರಾ ಪಟ್ಟಣದ ಹಳೆಯ ಹಿರಿಮೆಯೂ ಗೊತ್ತಿರುತ್ತದೆ. 1687ರಿಂದ ಮೊಗಲರ ಸುಬಾ ಕೇಂದ್ರವಾಗಿದ್ದ ಊರು ಅದು. ಹೈದರಾಲಿಗೆ 1761ರಲ್ಲಿ ದೊರೆತದ್ದು ಸಿರಾದ ನವಾಬನೆಂಬ ಪದವಿ. ಮುಂದೆ ಮರಾಠರ ವಶವಾದ ಸಿರಾವನ್ನು 1774ರಲ್ಲಿ ಮರಳಿ ಗೆದ್ದವನು ಅವನ ಮಗ ಟಿಪ್ಪು. ಹುಲಿಯನ್ನೇ ತನ್ನ ಗುರುತಾಗಿಸಿಕೊಂಡ ದೊರೆ ಈತ. ಸಿಂಹಾಸನ, ಫಿರಂಗಿ, ಖಡ್ಗದ ಹಿಡಿ, ಸೈನಿಕರ ಉಡುಪು, ಎಲ್ಲದರ ಮೇಲೂ ಹುಲಿ ಅಥವಾ ಹುಲಿಪಟ್ಟೆ.

ಪ್ರಾಣಿಯ ಬಾಯಿಂದ ರಾಜಕೀಯ ಆಡಿಸುವ ಈ ಪದ್ಧತಿ ಅದೇ ಕಾಲದಲ್ಲಿ ಅಮೆರಿಕದಲ್ಲೂ ಬೆಳೆಯುತ್ತಿತ್ತು. 1754ರ ಮೇ 9ರಂದು ಬೆಂಜಮಿನ್ ಫ್ರಾಂಕ್ಲಿನ್ ತನ್ನ ಪತ್ರಿಕೆಯಲ್ಲಿ ಎಂಟು ತುಂಡಾದ ಹಾವಿನ ಚಿತ್ರ ಅಚ್ಚು ಹಾಕಿಸಿದ. ಒಂದಾಗಿ, ಇಲ್ಲವೇ ಸಾಯಿರಿ ಎಂಬುದು ವಸಾಹತುಗಳಿಗೆ ಅದು ಹೇಳಿದ ಬುದ್ಧಿಮಾತು. ಅಂದು ಎದುರಾಳಿ ಫ್ರೆಂಚರು. ಇಪ್ಪತ್ತು ವರ್ಷಗಳ ನಂತರ ಅದೇ ಹಾವು ಬ್ರಿಟಿಷರ ವಿರುದ್ಧ ಹೆಡೆಯೆತ್ತಿತು. 1782ರ ಏಪ್ರಿಲ್‌ನಲ್ಲಿ ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ ಬರೆದ ಚಿತ್ರದಲ್ಲಿ ಆ ಹಾವು ಎರಡು ಬ್ರಿಟಿಷ್ ಸೇನೆಗಳನ್ನು ಸುತ್ತಿಕೊಂಡಿದೆ. ಸೋತ ನಾಡಿನವನೇ ತನ್ನ ಸರ್ಕಾರವನ್ನು ಗೇಲಿ ಮಾಡಿದ ಚಿತ್ರವದು. ಅದೇ ತಿಂಗಳು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದನ್ನು ಸೆರೆಹಿಡಿದ ಅಮೆರಿಕನ್ ಹಡಗಿನ ಹೆಸರು ‘ಹೈದರ್ ಅಲಿ’! ಶತ್ರುವಿನ ಶತ್ರು ಮಿತ್ರನೆಂಬ ಮಾತು ಸಮುದ್ರ ದಾಟಿಯೂ ನಿಜವಾಗಿತ್ತು.

ಟಿಪ್ಪುವಿನ ಅರಮನೆಯಲ್ಲಿ ಒಂದು ಮರದ ಯಂತ್ರದ ಗೊಂಬೆಯಿತ್ತು. ಹುಲಿಯೊಂದು ಅಂಗಾತ ಬಿದ್ದ ಐರೋಪ್ಯನ ಮೇಲೆರಗಿದೆ. ಹಿಡಿ ತಿರುಗಿಸಿದರೆ ಹುಲಿಯ ಗರ್ಜನೆ, ಬಿದ್ದವನ ನರಳಾಟ ಕೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಗೆದ್ದ ಸೈನಿಕರಿಗಾಗಿ ಈಸ್ಟ್ ಇಂಡಿಯಾ ಕಂಪನಿ ಪದಕ ಮಾಡಿಸಿತು. ಅದರಲ್ಲಿ ಬ್ರಿಟಿಷ್ ಸಿಂಹದ ಕಾಲಡಿ ಹುಲಿ ಮಲಗಿದೆ. ಮೇಲಿನ ಬಾವುಟದ ಮೇಲೆ ‘ದೇವರ ಸಿಂಹ ವಿಜಯಿ’ ಎಂಬ ಅರಬ್ಬಿ ವಾಕ್ಯ. ಅದು ಟಿಪ್ಪು ತನ್ನ ಆಯುಧಗಳ ಮೇಲೆ ಕೆತ್ತಿಸುತ್ತಿದ್ದ ಮಾತೇ! ಗೆದ್ದವರು ರಾಜ್ಯದ ಜೊತೆಗೆ ಸೋತವನ ಮಾತನ್ನೂ ತಮ್ಮದಾಗಿಸಿಕೊಂಡರು.

ಹುಲಿ ಒಂದೇ. ಗೊಂಬೆಯಲ್ಲಿ ಮೇಲೆ, ಪದಕದಲ್ಲಿ ಕೆಳಗೆ. ಆದ್ದರಿಂದ ಇಂಥ ಚಿತ್ರ ಕಂಡಾಗ ಯಾವ ಪ್ರಾಣಿ ಗೆದ್ದಿತು ಎಂದಷ್ಟೇ ಕೇಳಿದರೆ ಸಾಲದು. ಮಾಡಿಸಿದವರು ಯಾರು, ಯಾರ ಕಣ್ಣಿಗಾಗಿ ಎಂದೂ ಕೇಳಬೇಕು. ಆ ಗೊಂಬೆ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಗೆದ್ದವರ ಊರಿನಲ್ಲೂ ಅಲ್ಲಿ ಮೇಲಿರುವುದು ಹುಲಿಯೇ.